ಅಮ್ಮನ ಹೆಗಲು ನಿಮ್ಮ ಯಂತ್ರದೊಳಗಿದೆ

ಹಸಿರು ಕೈಗಾರಿಕಾ ಪರಿವರ್ತನೆಯ ಮಾನ್ಯ ಆಯುಕ್ತರೇ,

ಹೋದ ತಿಂಗಳು ನಮ್ಮ ಕಾಲೇಜಿನ ಸಭಾಂಗಣದಲ್ಲಿ ನೀವು ಪರದೆಯ ಮೇಲೆ ಒಂದು ಚಿತ್ರ ತೋರಿಸಿ, "ಇದಕ್ಕೆ ಮನುಷ್ಯರ ಕೈ ಎಲ್ಲೂ ತಗುಲಿಲ್ಲ" ಎಂದಿರಿ. ಅದು ನನ್ನ ಅಮ್ಮನ ಕೈಕೆಲಸದ ಚಿತ್ರ. ಅದೇ ಅಮ್ಮನನ್ನು ನಿಮ್ಮ ಇಲಾಖೆ 'ಕೌಶಲರಹಿತ' ಎಂದು ಬರೆದುಕೊಂಡಿದೆ. ಆ ಒಂದು ಪದದ ದೆಸೆಯಿಂದ ಹೊಸ ಘಟಕದಲ್ಲಿ ಅವಳಿಗೆ ಕೂತು ಮಾಡುವ ಕೆಲಸ ಸಿಗುತ್ತಿಲ್ಲ. ನನ್ನ ದೂರು ಇಷ್ಟೇ. ಮೊದಲೇ ಹೇಳಿಬಿಡುತ್ತಿದ್ದೇನೆ, ಯಾಕೆಂದರೆ ದೊಡ್ಡವರು ಯಾವ ಪತ್ರವನ್ನೂ ಮೊದಲ ಪ್ಯಾರಾದಾಚೆ ಓದುವುದಿಲ್ಲ ಎಂದು ನಮ್ಮ ವಾರ್ಡನ್ ಹೇಳುತ್ತಿದ್ದರು. ಅವರೂ ಓದುತ್ತಿರಲಿಲ್ಲ.

ನಾನು ಅರ್ಥಶಾಸ್ತ್ರದ ಮೊದಲ ವರ್ಷದ ವಿದ್ಯಾರ್ಥಿನಿ. ಚಿಕ್ಕಂದಿನಿಂದ ಹಾಸ್ಟೆಲಿನಲ್ಲಿ ಬೆಳೆದವಳು, ಅಂದರೆ ಅರ್ಜಿ ಬರೆದೇ ದೊಡ್ಡವಳಾದವಳು. ಜ್ವರಕ್ಕೊಂದು ಅರ್ಜಿ, ಮನೆಗೆ ಹೋಗುವುದಕ್ಕೊಂದು ಅರ್ಜಿ, ಕಳೆದುಹೋದ ಬಕೆಟ್ಟಿಗೊಂದು ಅರ್ಜಿ. ಹಾಗಾಗಿ ನನ್ನ ಬರವಣಿಗೆಯಲ್ಲಿ 'ದಯವಿಟ್ಟು' ಜಾಸ್ತಿ, ಇಂಗ್ಲಿಷೂ ಸ್ವಲ್ಪ ಜಾಸ್ತಿ. ಎರಡನ್ನೂ ಮನ್ನಿಸಬೇಕು. ಬಹಿರಂಗ ಪತ್ರ ಬರೆಯುತ್ತಿರುವುದು ಇದೇ ಮೊದಲು. ಬಹಿರಂಗವಲ್ಲದ್ದನ್ನು ನಿಮ್ಮ ಕಚೇರಿಗೆ ಮುಂಚೆಯೇ ಕಳಿಸಿ ಆಗಿದೆ. 'ತಮ್ಮ ಅಮೂಲ್ಯ ಸಲಹೆಗೆ ಧನ್ಯವಾದಗಳು' ಎಂದು ಉತ್ತರ ಬಂತು. ನಾನು ಸಲಹೆ ಕೊಟ್ಟಿರಲಿಲ್ಲ.

ಅಮ್ಮ ಏನು ಕೆಲಸ ಮಾಡುತ್ತಿದ್ದಳೆಂದು ಇದನ್ನು ಓದುವ ಮಿಕ್ಕವರಿಗೂ ಗೊತ್ತಾಗಬೇಕು. ಅವಳು ಹೊಸ ಜೀನ್ಸ್ ಪ್ಯಾಂಟುಗಳನ್ನು ಹಳೆಯದು ಮಾಡುತ್ತಿದ್ದಳು. ತಮಾಷೆಯಲ್ಲ, ಅದೇ ಕೆಲಸ. ಕಾರ್ಖಾನೆಯ ಹಿಂದಿನ ಶೆಡ್ಡಿನಲ್ಲಿ ಗಾಳಿ ತುಂಬಿದ ರಬ್ಬರ್ ಕಾಲುಗಳು ಸಾಲಾಗಿ ನಿಂತಿದ್ದವು, ಸೊಂಟದಿಂದ ಮೇಲಕ್ಕೆ ಏನೂ ಇಲ್ಲದೆ. ಕಡುನೀಲಿಯ ಹೊಚ್ಚ ಹೊಸ ಪ್ಯಾಂಟನ್ನು ಅವಕ್ಕೆ ತೊಡಿಸಿ ತೊಡೆ, ಮಂಡಿ, ಜೇಬಿನ ಅಂಚುಗಳನ್ನು ಉಪ್ಪುಕಾಗದದಿಂದ ಉಜ್ಜಬೇಕು, ಬಡಗಿ ಮರ ಉಜ್ಜುವ ಹಾಗೆ. ಬಣ್ಣ ಹೋಗಿ ಬಿಳುಪು ಕಾಣಬೇಕು. ಯಾರೋ ಅದನ್ನು ವರ್ಷಗಟ್ಟಲೆ ಹಾಕಿಕೊಂಡು, ಮಂಡಿಯೂರಿ, ಭಾರ ಹೊತ್ತು, ಕೈ ಒರೆಸಿಕೊಂಡು ದುಡಿದ ಹಾಗಿರಬೇಕು. ಕಡಲಾಚೆ ಕೊಳ್ಳುವವರಿಗೆ ದುಡಿದವರ ಪ್ಯಾಂಟು ಬೇಕು, ದುಡಿಯಲು ಪುರುಸೊತ್ತಿಲ್ಲ. ಅವರ ಪರವಾಗಿ ಆ ದುಡಿಮೆಯನ್ನು ಅಮ್ಮ ಮಾಡಿ, ಮಡಿಚಿ, ಕಳಿಸಿಕೊಡುತ್ತಿದ್ದಳು. ನಮ್ಮ ಪಠ್ಯಪುಸ್ತಕದಲ್ಲಿ ಜಾಗತೀಕರಣದ ವ್ಯಾಖ್ಯೆ ಒಂದೂವರೆ ಪುಟ ಇದೆ. ನನಗೆ ಇಷ್ಟೇ ಸಾಕೆನಿಸುತ್ತದೆ.

ಆ ಪ್ಯಾಂಟುಗಳ ಬಗ್ಗೆ ಅಮ್ಮನಿಗೆ ಗೌರವವೇನೂ ಇರಲಿಲ್ಲ. "ಒಳ್ಳೇ ಬಟ್ಟೆ ಕಣೇ, ಪಾಪ" ಎನ್ನುತ್ತಿದ್ದಳು, ಯಾವುದೋ ಮಗುವಿಗೆ ಏಟು ಬಿದ್ದ ಹಾಗೆ. ಪಕ್ಕದ ರಬ್ಬರ್ ಕಾಲಿನ ಹತ್ತಿರ ನಿಲ್ಲುತ್ತಿದ್ದವರು ರೇಡಿಯೋ ಅತ್ತೆ. ನಮಗೆ ನೆಂಟರೇನಲ್ಲ. ಬಾಯಿ ಮುಚ್ಚದ ಕಾರಣಕ್ಕೆ ಇಡೀ ಶೆಡ್ಡು ಅವರನ್ನು ರೇಡಿಯೋ ಎನ್ನುತ್ತಿತ್ತು, ಅಮ್ಮನ ಸ್ನೇಹಿತೆಯಾದ್ದರಿಂದ ನನಗೆ ಅತ್ತೆಯಾದರು. "ಮನೇಲಿ ತೂತಿಗೆ ತೇಪೆ ಹಾಕ್ತೀವಿ, ಇಲ್ಲಿ ಬಂದು ತೂತು ಮಾಡ್ತೀವಿ. ಬೈಗುಳ ಮಾತ್ರ ಎರಡಕ್ಕೂ ಒಂದೇ ನೋಡು, ನೀಟಾಗಿಲ್ಲ ಅಂತ!" ಎಂದು ಅವರು ಹೇಳಿದರೆ, ಮುಖಕ್ಕೆ ಬಟ್ಟೆ ಕಟ್ಟಿಕೊಂಡಿದ್ದ ಹೆಂಗಸರೆಲ್ಲ ಕಣ್ಣಲ್ಲೇ ನಗುತ್ತಿದ್ದರು. ಬಾಯಿ ತೆರೆದರೆ ಧೂಳು ಹೋಗುತ್ತಿತ್ತು.

ಇಲ್ಲಿ ಒಂದು ವಿಷಯ ಸ್ಪಷ್ಟಪಡಿಸಬೇಕು. ಇಲ್ಲದಿದ್ದರೆ ನನ್ನನ್ನು ಅಭಿವೃದ್ಧಿ ವಿರೋಧಿ ಎಂದುಬಿಡುತ್ತೀರಿ, ಆಮೇಲೆ ನನ್ನ ಇಂಟರ್ನಲ್ ಮಾರ್ಕ್ಸ್ ಏನಾಗುತ್ತದೋ. ನಾನು ಧೂಳಿನ ಪರವಾಗಿ ಬರೆಯುತ್ತಿಲ್ಲ. ಅಮ್ಮ ಸೀನಿದರೆ ಕರವಸ್ತ್ರ ನೀಲಿಯಾಗುತ್ತಿತ್ತು. ಶೆಡ್ಡಿನ ಹಿಂದಿನ ಕಾಲುವೆ ನೋಡಿಯೇ ಈ ವಾರ ಯಾವ ಬಣ್ಣದ ಆರ್ಡರ್ ಬಂದಿದೆ ಎಂದು ನಮ್ಮ ಬೀದಿಯ ಮಕ್ಕಳು ಹೇಳುತ್ತಿದ್ದರು. ಅದು ನಿಲ್ಲಬೇಕಿತ್ತು, ನಿಂತಿತು. ಬೆಳಕಿನಿಂದಲೇ ಬಟ್ಟೆಯ ಮೇಲ್ಪದರ ಸುಡುವ ಲೇಸರ್ ಯಂತ್ರ ಬಂತು. ಧೂಳು ಬಹಳ ಕಡಿಮೆ, ನೀರು ಬಹಳ ಕಡಿಮೆ. ಸಂತೋಷ. ನಿಜವಾಗಿಯೂ ಸಂತೋಷ. ಯಂತ್ರ ತರಿಸಲು ನಿಮ್ಮ ಇಲಾಖೆ ಕಾರ್ಖಾನೆಗೆ ತೆರಿಗೆ ರಿಯಾಯಿತಿ ಕೊಟ್ಟಿತು. ಅದೂ ಸರಿಯೇ ಇರಬಹುದು. ನನ್ನ ಪ್ರಶ್ನೆ ಶುರುವಾಗುವುದು ಯಂತ್ರ ಬಂದಮೇಲೆ ಅಲ್ಲ, ಯಂತ್ರಕ್ಕೆ ಕಲಿಸಿದ ದಿನ.

ಯಂತ್ರಕ್ಕೆ ತಾನಾಗಿ ಏನೂ ಗೊತ್ತಿರುವುದಿಲ್ಲವಂತೆ. ಎಲ್ಲಿ ಸುಡಬೇಕು, ಎಷ್ಟು ಸುಡಬೇಕು ಎಂದು ತಿಳಿಯಲು ಅದಕ್ಕೊಂದು ಮಾದರಿ ಬೇಕು. ಶೆಡ್ಡಿನ ಮೇಸ್ತ್ರಿ ಬಂದು, "ಎಲ್ಲರೂ ಒಂದೊಂದು ಪ್ಯಾಂಟ್ ಉಜ್ಜಿಕೊಡಿ, ಮಾದರಿಗೆ. ನೀಟಾಗಿರ್ಲಿ, ಗೆರೆ ಎಳೆದ ಹಾಗೆ" ಎಂದು ಹೇಳಿಹೋದ. ಅಮ್ಮ ಆಗ ನಲ್ಲಿಯ ಹತ್ತಿರ ಮುಖ ತೊಳೆಯುತ್ತಿದ್ದಳು. ವಾಪಸು ಬಂದು, ಎದುರಿಗಿದ್ದ ಪ್ಯಾಂಟನ್ನು ದಿನದ ಕೆಲಸ ಎಂದುಕೊಂಡು ದಿನದ ಹಾಗೇ ಉಜ್ಜಿ ಇಟ್ಟಳು. ದಿನದ ಹಾಗೆ ಎಂದರೆ ಸೊಟ್ಟಗೆ. ಅವಳ ಬಲ ಹೆಗಲು ಹೋಗಿ ವರ್ಷಗಳಾಗಿವೆ. ಹತ್ತಿರದ ಕಾಲನ್ನು ಸರಿಯಾಗಿ ಉಜ್ಜುತ್ತಾಳೆ, ಆಚೆ ಕಾಲಿಗೆ ಕೈ ಚಾಚಿದರೆ ತೊಡೆಯ ಮೇಲ್ಭಾಗಕ್ಕೆ ಎಟುಕುವುದಿಲ್ಲ. ಅಲ್ಲಿನ ಬಿಳುಪು ಕೆಳಗೇ ನಿಂತು, ತುದಿಯಲ್ಲಿ ಹೊರಗಿನ ಹೊಲಿಗೆಯ ಕಡೆಗೆ ವಾಲುತ್ತದೆ. ರಿಜೆಕ್ಟ್ ಆದ ಪ್ಯಾಂಟುಗಳನ್ನು ಹಾಕಿಕೊಂಡೇ ನಾನು ಹೈಸ್ಕೂಲು ಮುಗಿಸಿದ್ದು, ಆದ್ದರಿಂದ ಆ ವಾಲು ನನಗೆ ಅವಳ ಕೈಬರಹಕ್ಕಿಂತ ಚೆನ್ನಾಗಿ ಗೊತ್ತು. ಅವಳು ಬರೆಯುವುದು ಕಮ್ಮಿ.

ಮಿಕ್ಕ ಹೆಂಗಸರು ಉಸಿರು ಬಿಗಿಹಿಡಿದು ಮಾಡಿದ ನೇರ ಬಿಳುಪುಗಳನ್ನೆಲ್ಲ ಕಡಲಾಚೆಯ ಖರೀದಿದಾರ ವಿಡಿಯೋದಲ್ಲಿ ನೋಡಿ ಬೇಡವೆಂದ. ಅಮ್ಮನದನ್ನು ನೋಡಿ, ಇದು ನಿಜವಾಗಿ ಯಾರೋ ಹಾಕಿ ಸವೆಸಿದ ಹಾಗಿದೆ, ಇದೇ ಬೇಕು ಎಂದ. ಅಮ್ಮನಿಗೆ ಗಾಬರಿ.

"ಸರ್, ಅದು ಸರಿಯಾಗಿಲ್ಲ, ಸೊಟ್ಟ ಆಗಿದೆ. ಬೇರೆ ಮಾಡ್ಕೊಡ್ತೀನಿ."

"ಬೇಡಮ್ಮ, ಇದೇ ಇರ್ಲಿ," ಎಂದು ಯಂತ್ರ ಕೂರಿಸಲು ಬಂದಿದ್ದ ಎಂಜಿನಿಯರ್ ಪ್ಯಾಂಟನ್ನು ಮೇಜಿನ ಮೇಲೆ ಹರವಿ, ಮೇಲಿನಿಂದ ಫೋಟೋ ತೆಗೆದುಕೊಂಡ. ಅಷ್ಟೇ. ಇಷ್ಟು ವರ್ಷದ ಹೆಗಲು ಒಂದು ಕ್ಲಿಕ್ಕಿನಲ್ಲಿ ಆಚೆ ಹೋಯಿತು.

"ನೋಡ್ರೇ, ಇವಳ ಹೆಗಲು ನೋವಿಗೆ ಫಾರಿನ್ನಲ್ಲಿ ಗಿರಾಕಿ ಸಿಕ್ತು!" ಎಂದರಂತೆ ರೇಡಿಯೋ ಅತ್ತೆ. "ನನ್ನ ಮಂಡಿ ನೋವು ಬೇಕಾ ಕೇಳಿ ಸರ್, ಹೊಸದಾಗೇ ಇದೆ."

ಶೆಡ್ಡು ಮುಚ್ಚಿತು. ರಬ್ಬರ್ ಕಾಲುಗಳ ಗಾಳಿ ಬಿಟ್ಟು ಮೂಲೆಯಲ್ಲಿ ಪೇರಿಸಿಟ್ಟರಂತೆ.

ಆಮೇಲೆ ನಿಮ್ಮ ನ್ಯಾಯಯುತ ಪರಿವರ್ತನಾ ನೀತಿ ಬಂತು. ಪರಿಸರದ ಕಾರಣಕ್ಕೆ ಕೆಲಸ ಕಳೆದುಕೊಂಡ ಕುಶಲ ಕಾರ್ಮಿಕರಿಗೆ ಹೊಸ ಘಟಕದಲ್ಲಿ ಯಂತ್ರದ ಮುಂದೆ ಕೆಲಸ, ಕೌಶಲರಹಿತರಿಗೆ ಸ್ವಚ್ಛತಾ ವಿಭಾಗ. ಓದಲು ಚೆನ್ನಾಗಿದೆ. ನಾನೇ ಅಮ್ಮನಿಗೆ ಓದಿ ಹೇಳಿದೆ, ನಾನೇ ರಜೆಯಲ್ಲಿ ಅವಳನ್ನು ನಿಮ್ಮ ಕೈಕೆಳಗಿನ ಕಚೇರಿಗೆ ಕರೆದುಕೊಂಡು ಹೋದೆ. ಕೌಂಟರಿನ ಗುಮಾಸ್ತರು ಕೆಟ್ಟವರಲ್ಲ. ನಮ್ಮನ್ನು ಕೂರಿಸಿದರು, ಫ್ಯಾನನ್ನು ನಮ್ಮ ಕಡೆ ತಿರುಗಿಸಿದರು.

"ಏನ್ ಕೆಲಸ ಮಾಡ್ತಿದ್ರಿ ಅಮ್ಮ?"

"ಉಜ್ತಿದ್ದೆ ಸರ್."

"ಏನನ್ನ? ಪಾತ್ರೇನಾ?"

"ಪ್ಯಾಂಟು."

"ಓ, ಒಗೆಯೋದಾ?"

"ಇಲ್ಲ ಸರ್, ಹೊಸದನ್ನ ಹಳೇದು ಮಾಡೋದು."

ಗುಮಾಸ್ತರು ಪೆನ್ನು ಕೆಳಗಿಟ್ಟರು. "ಅಂದ್ರೆ ಹಾಳು ಮಾಡೋದು ಅನ್ನಿ."

"ಹೂಂ ಸರ್, ಹೆಚ್ಚುಕಮ್ಮಿ ಹಾಗೇ."

"ಹಾಳು ಮಾಡೋಕೆ ಏನಮ್ಮ ಕೌಶಲ?" ಎಂದು ಅವರು ನಕ್ಕರು. ಅಮ್ಮನೂ ನಕ್ಕಳು. ಅವಳಿಗೆ ನಿಜವಾಗಿಯೂ ನಗು ಬಂದಿತ್ತು. ಗುಮಾಸ್ತರ ಪಟ್ಟಿಯಲ್ಲಿ ಕತ್ತರಿಸುವವರಿದ್ದರು, ಹೊಲಿಯುವವರಿದ್ದರು, ಬಣ್ಣ ಹಾಕುವವರಿದ್ದರು. ಉಜ್ಜುವವರು ಇರಲಿಲ್ಲ. ಪಟ್ಟಿಯಲ್ಲಿಲ್ಲದ ಕೆಲಸ ಮಾಡಿದವರು ಸಹಾಯಕರು, ಸಹಾಯಕರು ಕೌಶಲರಹಿತರು, ಕೌಶಲರಹಿತರಿಗೆ ಪೊರಕೆ. ಈ ತರ್ಕದಲ್ಲಿ ಒಂದು ಹೆಜ್ಜೆಯೂ ತಪ್ಪಿಲ್ಲ. ಪರೀಕ್ಷೆಯಲ್ಲಿ ಪೂರ್ತಿ ಅಂಕ ಸಿಗುತ್ತದೆ. ಆದರೆ ಹೆಗಲು ಹೋದವಳು ಗುಡಿಸುವುದು ಹೇಗೆ ಎಂದು ಕೇಳಿದ್ದಕ್ಕೆ, ವೈದ್ಯಕೀಯ ಕಾರಣವಿದ್ದರೆ ಸ್ವಚ್ಛತಾ ವಿಭಾಗವನ್ನು ನಿರಾಕರಿಸುವ ಸ್ವಾತಂತ್ರ್ಯ ಅರ್ಜಿದಾರರಿಗೆ ಇದೆ ಎಂದರು. ಅಮ್ಮ ಆ ಸ್ವಾತಂತ್ರ್ಯವನ್ನು ಅನುಭವಿಸುತ್ತ ಈಗ ಮನೆಯಲ್ಲಿದ್ದಾಳೆ. ರೇಡಿಯೋ ಅತ್ತೆ ಮಾತ್ರ ಗುಡಿಸಲು ಹೋಗುತ್ತಿದ್ದಾರೆ. "ಧೂಳೇ ಇಲ್ಲದ ಘಟಕ ಅಂತ ಗೇಟಿಗೆ ಬೋರ್ಡು ಹಾಕಿದಾರೆ, ಒಳಗೆ ಗುಡಿಸೋಕೆ ನನ್ನ ಇಟ್ಕೊಂಡಿದಾರೆ. ಯಾರು ಸುಳ್ಳು ಹೇಳ್ತಿರೋದು, ಬೋರ್ಡಾ ನಾನಾ?"

ಯಂತ್ರದ ಮುಂದಿನ ಕೆಲಸ ಏನೆಂದು ಅತ್ತೆಯೇ ನೋಡಿ ಬಂದು ಹೇಳಿದರು. ಎತ್ತರದ ಕುರ್ಚಿ ಇದೆ. ಪ್ಯಾಂಟನ್ನು ಮೇಜಿನ ಮೇಲೆ ಹರವಬೇಕು, ಗುಂಡಿ ಒತ್ತಬೇಕು, ತಿರುಗಿಸಬೇಕು, ಮತ್ತೆ ಒತ್ತಬೇಕು. ಕೈ ಎದೆಮಟ್ಟಕ್ಕಿಂತ ಮೇಲೆ ಹೋಗುವುದಿಲ್ಲ. ನಮ್ಮ ಬೀದಿಯ ಎಲ್ಲ ಕಾರ್ಖಾನೆಗಳಲ್ಲಿ ಅಮ್ಮನ ಹೆಗಲಿಗೆ ಹೊಂದುವ ಕೆಲಸ ಅದೊಂದೇ. ಈಗ ಎರಡನೆಯ ಹಾಲ್ ತೆರೆಯುತ್ತದಂತೆ. ಆ ಕುರ್ಚಿಗಳಿಗೆ ಈ ತಿಂಗಳ ಕೊನೆಗೆ ಆಯ್ಕೆ. 'ಕುಶಲ' ಎಂದಿದ್ದವರಿಗೆ ಮಾತ್ರ.

ಇಷ್ಟೆಲ್ಲ ಆಗಿ ನಾನು ಕಾಲೇಜಿಗೆ ವಾಪಸು ಬಂದೆ. ಹಾಸ್ಟೆಲಿನಲ್ಲಿ ನನ್ನ ರೂಮ್‌ಮೇಟ್ ಹೊಸ ಪ್ಯಾಂಟ್ ಹಾಕಿಕೊಂಡು ಕನ್ನಡಿಯ ಮುಂದೆ ನಿಂತಿದ್ದಳು.

"ಏನೇ, ಆವಾಗಿಂದ ನನ್ನ ಕಾಲನ್ನೇ ನೋಡ್ತಿದೀಯ?"

"ನಿನ್ನ ಪ್ಯಾಂಟ್ ಸೊಟ್ಟ ಇದೆ. ಈ ಕಡೆ ಬಿಳುಪು ಕೆಳಗಿದೆ."

"ಅದೇ ಸ್ಟೈಲ್ ಕಣೇ ದಡ್ಡಿ! ಅದಕ್ಕೇ ಅಷ್ಟು ರೇಟು."

ಅವಳು ಕಿತ್ತು ಬಿಸಾಕಿದ್ದ ಟ್ಯಾಗನ್ನು ಎತ್ತಿ ಓದಿದೆ. ಒರಟು ಕಾಗದದ ಮೇಲೆ ಒಂದು ಎಲೆಯ ಚಿತ್ರ, ಅದರ ಕೆಳಗೆ ಇಂಗ್ಲಿಷಿನಲ್ಲಿ: ಈ ಉಡುಪಿನ ತಯಾರಿಕೆಯಲ್ಲಿ ಯಾರ ಕೈಗೂ ನೋವಾಗಿಲ್ಲ. ನನಗೆ ಸಿಟ್ಟು ಬಂದಿರಬೇಕೆಂದು ನೀವು ಅಂದುಕೊಳ್ಳಬಹುದು. ಬರಲಿಲ್ಲ. ಮಂಚದ ಮೇಲೆ ಕೂತು ಮಾರನೆಯ ದಿನದ ಟೆಸ್ಟಿಗೆ ಓದಿದೆ. ಸುಸ್ಥಿರ ಅಭಿವೃದ್ಧಿ ಎಂದರೇನು, ಎರಡು ಅಂಕ. ಮುಂದಿನ ಪೀಳಿಗೆಗೆ ತೊಂದರೆಯಾಗದಂತೆ ಈಗಿನವರ ಅಗತ್ಯಗಳನ್ನು ಪೂರೈಸುವುದು. ಮುಂದಿನ ಪೀಳಿಗೆ ನಾನು. ನನಗೆ ಸದ್ಯಕ್ಕೆ ತೊಂದರೆಯಿಲ್ಲ, ವಿದ್ಯಾರ್ಥಿವೇತನ ಬರುತ್ತಿದೆ. ಈಗಿನವರು ಯಾರೆಂದು ಪುಸ್ತಕದಲ್ಲಿ ಬಿಡಿಸಿ ಹೇಳಿಲ್ಲ.

ಆ ವಾರವೇ ನೀವು ಬಂದಿರಿ. 'ಯಾರನ್ನೂ ಹಿಂದೆ ಬಿಡದ ಪ್ರಗತಿ' ಎಂದು ನಿಮ್ಮ ಭಾಷಣದ ಹೆಸರು. ಹಾಜರಾತಿ ಕಡ್ಡಾಯವಿತ್ತು, ಎ.ಸಿ. ಚೆನ್ನಾಗಿತ್ತು. ನೀವು ಒಂದು ಸ್ಲೈಡಿನಲ್ಲಿ ಬೂದು ಬಣ್ಣದಲ್ಲಿ ಪ್ಯಾಂಟಿನ ಎರಡು ಕಾಲುಗಳ ಚಿತ್ರ ತೋರಿಸಿದಿರಿ. ಯಂತ್ರದೊಳಗಿನ ವಿನ್ಯಾಸ ಎಂದಿರಿ. ಅಷ್ಟು ದೊಡ್ಡ ಪರದೆಯ ಮೇಲೆ ಅಮ್ಮನ ಹೆಗಲನ್ನು ನಾನು ಯಾವತ್ತೂ ನೋಡಿರಲಿಲ್ಲ. ಎಡಗಾಲಿನ ಬಿಳುಪು ಕೆಳಗೆ ನಿಂತು ಹೊರಗೆ ವಾಲಿತ್ತು, ಎಟುಕಲಾರದೆ ಕೈಬಿಟ್ಟದ್ದು ಎಟುಕಲಾರದೆ ಕೈಬಿಟ್ಟ ಹಾಗೇ ಇತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಕೈ ತಾನೇ ತಟ್ಟಿತು. ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ಕೊಡಿ ಎಂದರು. ಈ ಚಿತ್ರಕ್ಕೆ ಮೂಲ ಮಾದರಿ ಮಾಡಿದವರು ಈಗ ಎಲ್ಲಿದ್ದಾರೆ ಎಂದು ಬರೆದುಕೊಟ್ಟೆ. ಆರಿಸಿ ಓದಿದ ಚೀಟಿಯಲ್ಲಿ, "ಸರ್, ನಿಮ್ಮ ಯಶಸ್ಸಿನ ಗುಟ್ಟೇನು?" ಎಂದಿತ್ತು. ನೀವು "ಶಿಸ್ತು" ಎಂದಿರಿ.

ನನಗೆ ಅರ್ಥವಾದಷ್ಟು ಹೇಳುತ್ತೇನೆ, ತಪ್ಪಿದ್ದರೆ ತಿದ್ದಿ. ಅಮ್ಮನ ಕೈಯಲ್ಲಿದ್ದಾಗ ಅದು ಹಾಳು ಮಾಡುವ ಕೆಲಸ. ಫೋಟೋ ತೆಗೆದು ಯಂತ್ರದೊಳಗೆ ಹಾಕಿದ ಕೂಡಲೇ ಅದು ತಂತ್ರಜ್ಞಾನ, ವಿನ್ಯಾಸ, ಕಂಪನಿಯ ಸ್ವತ್ತು, ತೆರಿಗೆ ರಿಯಾಯಿತಿಗೆ ಅರ್ಹ. ಹಾಗಿದ್ದರೆ ಕೌಶಲ ಎಂಬುದು ಹುಟ್ಟಿದ್ದು ಎಲ್ಲಿ? ಕ್ಯಾಮೆರಾದಲ್ಲಿಯೇ? ತಂತಿಯಲ್ಲಿಯೇ? ಕ್ಲಾಸಿನಲ್ಲಿ ನಮ್ಮ ಲೆಕ್ಚರರ್, ಇಂಥವನ್ನು ಹೊಂದಾಣಿಕೆಯ ವೆಚ್ಚ ಎನ್ನುತ್ತಾರೆ, ಅದು ತಾತ್ಕಾಲಿಕ, ಎಂದು ಹೇಳಿಕೊಟ್ಟರು. ನಾನು ನೋಟ್ಸಿನಲ್ಲಿ ಬರೆದುಕೊಂಡು ಅಡಿಗೆರೆ ಹಾಕಿದೆ. ಹೋದ ಭಾನುವಾರ ತಾತ್ಕಾಲಿಕ ವೆಚ್ಚದ ಜೊತೆ ಫೋನಿನಲ್ಲಿ ಮಾತಾಡಿದೆ. ತಲೆ ಬಾಚಿಕೊಳ್ಳಲು ಆಗುತ್ತಿಲ್ಲ, ರೇಡಿಯೋ ಬಂದು ಬಾಚುತ್ತಾಳೆ ಎಂದಳು. ನೀರು ಉಳಿಸಿದ್ದಕ್ಕೆ ಕಾರ್ಖಾನೆಗೆ ಪ್ರಶಸ್ತಿ, ಪ್ಯಾಂಟು ಕೊಂಡದ್ದಕ್ಕೆ ಕಡಲಾಚೆಯವರಿಗೆ ನೆಮ್ಮದಿ, ಇಬ್ಬರನ್ನೂ ಕೂಡಿಸಿದ್ದಕ್ಕೆ ನಿಮಗೆ ಶಾಲು ಹೂಗುಚ್ಛ. ಇದರಲ್ಲಿ ಎಲ್ಲರೂ ಗೆದ್ದಿದ್ದಾರೆ. ಎಲ್ಲರೂ ಎಂಬ ಪದದೊಳಗೆ ಯಾರು ಯಾರು ಬರುತ್ತಾರೆ ಎಂಬುದಕ್ಕೂ ನಿಮ್ಮ ಕಚೇರಿಯಲ್ಲಿ ಒಂದು ಪಟ್ಟಿ ಇರಬೇಕು.

ಅದನ್ನು ಕೌಶಲವೆಂದು ಒಪ್ಪುವುದು ನಿಮಗೆ ಕಷ್ಟವಾದರೆ, ನನಗೂ ಸ್ವಲ್ಪ ಕಷ್ಟವೇ ಆಗುತ್ತದೆ. ಅದು ತಪ್ಪು. ಹೆಗಲು ಸರಿಯಿದ್ದಿದ್ದರೆ ಆ ಬಿಳುಪು ವಾಲುತ್ತಿರಲಿಲ್ಲ. ಆದರೆ ಲಕ್ಷಾಂತರ ಪ್ಯಾಂಟುಗಳ ಮೇಲೆ ಆ ತಪ್ಪು ಅಚ್ಚಾಗುತ್ತಿದೆ, ಅದನ್ನು ನೇರ ಮಾಡಲು ಯಾರಿಗೂ ಮನಸ್ಸಿಲ್ಲ. ಅಷ್ಟು ಬೇಕಾದ ತಪ್ಪಿಗೆ ಒಬ್ಬ ಒಡತಿ ಇರಬಾರದೇ?

ನಿಮ್ಮ ಭಾಷಣ ಮುಗಿದ ಸಂಜೆ ಅಮ್ಮನಿಗೆ ಫೋನ್ ಮಾಡಿದ್ದೆ.

"ಅಮ್ಮ, ಇವತ್ತು ನಿನ್ನ ಪ್ಯಾಂಟ್ ನೋಡ್ದೆ. ಸಿನಿಮಾ ಥರ, ದೊಡ್ಡದಾಗಿ."

"ನನ್ನ ಪ್ಯಾಂಟಾ? ನಾನ್ಯಾವಾಗ್ ಹಾಕ್ಕೊಂಡೆ?"

"ನೀನು ಉಜ್ಜಿದ್ದು. ಆ ಮಾದರಿದು."

"ಸೊಟ್ಟ ಇರೋದು ಗೊತ್ತಾಗತ್ತಾ?" ಎಂದಳು.

"ನಂಗೆ ಗೊತ್ತಾಗತ್ತೆ."

"ಬೇರೆಯವ್ರಿಗೆ?"

"ಇಲ್ಲಮ್ಮ. ಸ್ಟೈಲ್ ಅಂದ್ಕೊಂಡಿದಾರೆ."

"ಹಾಗಾದ್ರೆ ಸುಮ್ನಿರು. ಯಾರ ಹತ್ರಾನೂ ಹೇಳ್ಬೇಡ. ಅಷ್ಟೂ ವಾಪಸ್ ಬಂದ್ರೆ, ಬಂದು ಸರಿಮಾಡು ಅಂತ ನನ್ನೇ ಕರೀತಾರೆ."

ಹೆದರಿಕೆಯಲ್ಲೇ ಹೇಳಿದಳು. ಆದರೆ ಕರೆದರೆ ಹೋಗಿಬಿಡುವವಳ ದನಿಯೂ ಅದರಲ್ಲಿತ್ತು. ಫೋನ್ ಇಟ್ಟಮೇಲೆ ನನಗೆ ಅಳು ಬರಲಿಲ್ಲ. ಈಗಲೂ ಬಂದಿಲ್ಲ. ಅದರ ಬದಲು ಈ ಪತ್ರ ಬಂದಿದೆ. ಹೇಳಬೇಡ ಎಂದು ಅವಳು ಹೇಳಿದ್ದನ್ನು ಪತ್ರಿಕೆಯಲ್ಲಿ ಹೇಳುತ್ತಿದ್ದೇನೆ, ಆದ್ದರಿಂದ ನನಗೀಗ ನಿಮ್ಮ ಹೆದರಿಕೆಯ ಜೊತೆಗೆ ಅವಳದ್ದೂ ಇದೆ.

ನನ್ನ ಬೇಡಿಕೆ. ತಿಂಗಳ ಕೊನೆಯ ಆಯ್ಕೆಗೆ ಮುಂಚೆ ಅಮ್ಮನ ದಾಖಲೆಯಲ್ಲಿ 'ಕುಶಲ' ಎಂದು ಬರೆಯಿರಿ, ಉಜ್ಜುವವರನ್ನು ನಿಮ್ಮ ಪಟ್ಟಿಗೆ ಸೇರಿಸಿ. ರೇಡಿಯೋ ಅತ್ತೆಯೂ ಸೇರಿ ಆ ಶೆಡ್ಡಿನ ಎಲ್ಲರನ್ನೂ. ಅದಕ್ಕೆ ನಿಯಮ ಅಡ್ಡ ಬರುತ್ತದೆ ಎಂದಾದರೆ, ನಾನು ನಿಯಮ ಮುರಿಯಿರಿ ಎಂದು ಕೇಳುವವಳಲ್ಲ, ಹಾಸ್ಟೆಲಿನಲ್ಲಿ ಬೆಳೆದವಳು. ಆಗ ಇನ್ನೊಂದು ಮಾಡಿ. ಎಂಜಿನಿಯರನ್ನು ಕರೆದುಕೊಂಡು ಆ ಘಟಕಕ್ಕೆ ಹೋಗಿ, ಯಂತ್ರದೊಳಗಿನ ಅಮ್ಮನ ಚಿತ್ರವನ್ನು ಅಳಿಸಿಹಾಕಿ. ಯಂತ್ರ ಇರಲಿ, ಉಳಿದ ನೀರು ಉಳಿಯಲಿ. ಅದೊಂದು ಚಿತ್ರ ಮಾತ್ರ ಬೇಡ. ಆಮೇಲೆ ಒಂದು ಹೊಸ ಪ್ಯಾಂಟು, ಒಂದು ಚೂರು ಉಪ್ಪುಕಾಗದ ತರಿಸಿಕೊಂಡು ಮಾದರಿಯನ್ನು ನೀವೇ ಉಜ್ಜಿಕೊಡಿ. ಕೌಶಲ ಬೇಕಿಲ್ಲದ ಕೆಲಸ ತಾನೆ, ಮಧ್ಯಾಹ್ನದೊಳಗೆ ಆಗಿಬಿಡುತ್ತದೆ.

ಇಂತಿ,
ನಿಮ್ಮ ಪಟ್ಟಿಯಲ್ಲಿಲ್ಲದವಳ ಮಗಳು,
ನಿಮ್ಮ ನೀತಿಯನ್ನು ಹತ್ತು ಅಂಕದ ಪ್ರಶ್ನೆಗೆ ಬಾಯಿಪಾಠ ಮಾಡುತ್ತಿರುವವಳು